ಕ್ರೈಸ್ತ ದಾಂಪತ್ಯ ನೀತಿ: ಸುವಾರ್ತೆಯ ನುಡಿ, ಕಾಯಿದೆಯ ನಡೆ

ಕ್ರೈಸ್ತರಲ್ಲಿ ವಿವಾಹಬಂಧವು ಸಡಿಲವಾದುದು, ವಿಚ್ಛೇದನವು ಸುಲಭವಾದುದು ಎಂಬ ಗ್ರಹಿಕೆ ಶ್ರಾವಕ ಕುಟುಂಬಗಳಲ್ಲಿ ಬಲವಾಗಿ ಬೇರೂರಿದೆ. ಚಲನಚಿತ್ರಗಳೂ ಪಾಶ್ಚಾತ್ಯ ನಟನಟಿಯರ ವೃತ್ತಾಂತಗಳೂ ಈ ಗ್ರಹಿಕೆಗೆ ನೀರೆರೆದಿವೆ. ಬೀದರ್ ನಗರದ ಮಂಗಲಪೇಟೆಯಲ್ಲಿ, ಭಾಲ್ಕಿಯಲ್ಲಿ, ಔರಾದ್ ತಾಲೂಕಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ನೆರೆಹೊರೆಯಾಗಿ ಬಾಳುತ್ತಿರುವ ಕ್ರೈಸ್ತ ಕುಟುಂಬವನ್ನು ಅದರ ಅಂಗಳದಲ್ಲಿ ನಿಂತು ನೋಡದೆ ದೂರದೇಶದ ಕನ್ನಡಿಯಲ್ಲಿ ನೋಡುವ ಈ ಅಭ್ಯಾಸವು ಅನೇಕಾಂತದೃಷ್ಟಿಯುಳ್ಳವರಿಗೆ ಶೋಭಿಸತಕ್ಕದ್ದಲ್ಲ. ವಸ್ತುಸ್ಥಿತಿಯು ಈ ಗ್ರಹಿಕೆಗೆ ತೀರ ವಿರುದ್ಧವಾಗಿದೆ. 1955ರ ಹಿಂದೂ ವಿವಾಹ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿಯೇ ಜೈನರನ್ನು ಸೇರಿಸಿಕೊಂಡು ಅವರಿಗೆ ವಿಚ್ಛೇದನದ ಹಕ್ಕನ್ನು ಕೊಟ್ಟಿತು. 1976ರಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನವೂ ಬಂದಿತು. ಅದೇ ಊರಿನ ಕ್ರೈಸ್ತ ದಂಪತಿಗಳಿಗೆ ಆ ಎರಡನೆಯ ದಾರಿ ತೆರೆದುದು 2001ರಲ್ಲಿ. ಯಾರ ಬಂಧ ಸಡಿಲ, ಯಾರದು ಬಿಗಿ ಎಂಬುದನ್ನು ಈ ವರ್ಷಗಳೇ ಹೇಳುತ್ತವೆ.

ಆದರೆ ಬಿಗಿಯಾದುದೆಲ್ಲ ನೀತಿಯುತವೆಂದು ತಿಳಿಯುವುದೂ ತಪ್ಪು. ಕ್ರಿಸ್ತನ ಉಪದೇಶ ಒಂದು ದಿಕ್ಕಿನಲ್ಲಿ ಸಾಗಿತು, ಅವನ ಹೆಸರು ಹೇಳುವ ರಾಜ್ಯದ ಕಾಯಿದೆ ಇನ್ನೊಂದು ದಿಕ್ಕಿನಲ್ಲಿ ಸಾಗಿತು. ಈ ಅಂತರವೇ ಇಲ್ಲಿ ವಿಮರ್ಶೆಗೆ ಅರ್ಹವಾದ ವಿಷಯ.

ಮೂಲದಿಂದ ಆರಂಭಿಸುವುದು ಉಚಿತ. ಯೆಹೂದ್ಯರ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಹೆಂಡತಿಯಲ್ಲಿ ಲಜ್ಜಾಸ್ಪದವಾದುದನ್ನು ಕಂಡ ಗಂಡನು ಬಿಡುಗಡೆಯ ಪತ್ರವನ್ನು ಬರೆದು ಕೈಗಿತ್ತು ಅವಳನ್ನು ಕಳುಹಿಸಬಹುದೆಂಬ ರೂಢಿಯನ್ನು ಹೇಳುತ್ತದೆ. ‘ಲಜ್ಜಾಸ್ಪದ’ವೆಂದರೇನು ಎಂಬುದರ ಮೇಲೆ ಎರಡು ಪಂಥಗಳು ಹುಟ್ಟಿದ್ದವು. ಶಮ್ಮಾಯ್ ಪಂಥದವರು ಅದನ್ನು ಶೀಲಭಂಗಕ್ಕೆ ಮಾತ್ರ ಸೀಮಿತಗೊಳಿಸಿದರು; ಹಿಲ್ಲೇಲ್ ಪಂಥದವರು ಅಡುಗೆ ಕೆಡಿಸಿದರೂ ಸಾಕು ಎಂಬಷ್ಟರ ಮಟ್ಟಿಗೆ ಹಿಗ್ಗಿಸಿದರು. ಪತ್ರ ಬರೆಯುವ ಅಧಿಕಾರವಾದರೋ ಗಂಡನದೇ. ಈ ವಾದದ ನಡುವೆ ಯೇಸುವನ್ನು ನಿಲ್ಲಿಸಿ ಪ್ರಶ್ನಿಸಿದಾಗ ಅವನು ಎರಡೂ ಪಂಥಗಳನ್ನು ದಾಟಿ ಸೃಷ್ಟಿಯ ಆದಿಗೆ ಹೋದನು. ಗಂಡುಹೆಣ್ಣು ಒಂದೇ ಶರೀರವಾದ ಮೇಲೆ ಮನುಷ್ಯನು ಅವರನ್ನು ಅಗಲಿಸಬಾರದೆಂದನು. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಈ ನಿಷೇಧಕ್ಕೆ ಯಾವ ವಿನಾಯಿತಿಯೂ ಇಲ್ಲ. ಮತ್ತಾಯನು ಮಾತ್ರ ಶೀಲಭಂಗದ ಕಾರಣವೊಂದನ್ನು ಹೊರತುಪಡಿಸುತ್ತಾನೆ. ಕ್ರೈಸ್ತಪಂಥಗಳ ಎರಡು ಸಾವಿರ ವರ್ಷಗಳ ಜಗಳಕ್ಕೆ ಈ ಒಂದು ವಿನಾಯಿತಿಯೇ ಬೀಜ. ಮೂಲ ಗ್ರೀಕಿನಲ್ಲಿ ಆ ಸ್ಥಾನದಲ್ಲಿರುವ ‘ಪೋರ್ನೇಯಾ’ ಎಂಬ ಪದವು ವಿವಾಹಿತರ ವ್ಯಭಿಚಾರವನ್ನು ಹೇಳುವ ‘ಮೊಯ್ಖೇಯಾ’ಕ್ಕಿಂತ ವಿಸ್ತಾರವಾದುದು, ಅದರ ಹರವು ಎಷ್ಟೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ.

ಈ ಉಪದೇಶದಲ್ಲಿ ಬಹುಮಂದಿ ಗಮನಿಸದ ಅಂಶವೊಂದಿದೆ. ಅಂದಿನ ಯೆಹೂದ್ಯ ನ್ಯಾಯದಲ್ಲಿ ವ್ಯಭಿಚಾರವೆಂಬುದು ಗಂಡನಿಗೆ ವಿರುದ್ಧವಾದ ಅಪರಾಧ. ಪರರ ಹೆಂಡತಿಯನ್ನು ಕೂಡಿದವನು ಆ ಪರರಿಗೆ ಅಪರಾಧಿಯೇ ಹೊರತು ಸ್ವಂತ ಹೆಂಡತಿಗೆ ಅಪರಾಧಿಯಲ್ಲ. ಮಾರ್ಕನು ಉಲ್ಲೇಖಿಸುವ ಉಪದೇಶವು ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಮದುವೆಯಾದವನು ಆ ಮೊದಲ ಹೆಂಡತಿಗೆ ವಿರುದ್ಧವಾಗಿಯೇ ವ್ಯಭಿಚಾರ ಮಾಡಿದಂತೆ ಎನ್ನುತ್ತದೆ. ಮತ್ತಾಯನ ಐದನೆಯ ಅಧ್ಯಾಯದ ಪ್ರಕಾರ, ನಿಷ್ಕಾರಣವಾಗಿ ಹೊರಹಾಕಲ್ಪಟ್ಟ ಹೆಂಗಸು ಬಾಳಿಗಾಗಿ ಮತ್ತೊಬ್ಬನನ್ನು ಆಶ್ರಯಿಸಿದರೆ ಆ ದೋಷಕ್ಕೆ ಕಾರಣನು ಅವಳನ್ನು ಹೊರಹಾಕಿದವನೇ. ಹೀಗೆ ದೋಷದ ಭಾರವು ಹೆಣ್ಣಿನ ತಲೆಯಿಂದ ಗಂಡಿನ ತಲೆಗೆ ವರ್ಗಾವಣೆಯಾಯಿತು. ಕೇಳಿದ ಶಿಷ್ಯರು ಇಷ್ಟು ಕಠಿಣವಾದರೆ ಮದುವೆಯಾಗದಿರುವುದೇ ಲೇಸೆಂದು ಗೊಣಗಿದರಂತೆ. ಶಿಷ್ಯರ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಕಳೆದುಹೋಗುತ್ತಿದ್ದುದು ಯಾರ ಸೌಕರ್ಯವೆಂದು ಅವರಿಗೆ ಥಟ್ಟನೆ ತಿಳಿಯಿತು.

ಪರಸ್ತ್ರೀಯನ್ನು ಮೋಹದಿಂದ ನೋಡಿದವನು ಮನಸ್ಸಿನಲ್ಲಿಯೇ ವ್ಯಭಿಚಾರಿಯಾದನೆಂಬ ಉಪದೇಶವೂ ಅದೇ ಅಧ್ಯಾಯದ್ದು. ಭಾವಹಿಂಸೆಯನ್ನು ಬಲ್ಲ ಜೈನ ಓದುಗರಿಗೆ ಇದು ಅಪರಿಚಿತವಲ್ಲ. ಆದರೆ ವ್ಯತ್ಯಾಸವೊಂದುಂಟು. ಅಮಿತಗತಿ ಆಚಾರ್ಯರು ಮನಶ್ಶುದ್ಧಿಯ ಹಾನಿಯನ್ನು ಅತಿಕ್ರಮವೆಂದೂ, ಶೀಲದ ಬೇಲಿಯನ್ನು ದಾಟುವುದನ್ನು ವ್ಯತಿಕ್ರಮವೆಂದೂ, ವಿಷಯಗಳಲ್ಲಿ ಪ್ರವರ್ತಿಸುವುದನ್ನು ಅತಿಚಾರವೆಂದೂ, ಅದರಲ್ಲಿಯೇ ಮುಳುಗುವುದನ್ನು ಅನಾಚಾರವೆಂದೂ ನಾಲ್ಕು ಮೆಟ್ಟಿಲುಗಳಾಗಿ ಬಿಡಿಸಿದ್ದಾರೆ. ಸುವಾರ್ತೆಯಲ್ಲಿ ಈ ಮೆಟ್ಟಿಲುಗಳಿಲ್ಲ. ನೋಟದಿಂದ ಪತನಕ್ಕೆ ಒಂದೇ ಜಿಗಿತ. ಅಹಂಕಾರವನ್ನು ಮುರಿಯುವುದಕ್ಕೆ ಅದು ತೀಕ್ಷ್ಣವಾದ ಆಯುಧವಾದರೂ ಗೃಹಸ್ಥನ ನಿತ್ಯಸಾಧನೆಗೆ ಮೆಟ್ಟಿಲುಗಳೇ ಹೆಚ್ಚು ಉಪಯುಕ್ತ. ಹಾಗೆಂದು ಜೈನ ಪಕ್ಷವು ನಿರ್ದೋಷವೆಂದು ಬೀಗುವಂತಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಈ ಅಣುವ್ರತಕ್ಕೆ ಪರದಾರನಿವೃತ್ತಿ, ಸ್ವದಾರಸಂತೋಷ ಎಂಬ ಹೆಸರುಗಳನ್ನು ಕೊಡುತ್ತದೆ. ಹೆಸರಿನಲ್ಲಿಯೇ ವ್ರತಧಾರಿಯು ಗಂಡಸು, ‘ದಾರೆ’ಯು ಅವನ ಸಂತೋಷದ ವಿಷಯ. ಇನ್ನು ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳಲ್ಲಿ ಪರವಿವಾಹಕರಣ, ಅಂದರೆ ಅನ್ಯರ ಮದುವೆ ಮಾಡಿಸುವುದನ್ನು ಮೊದಲನೆಯದಾಗಿ ಎಣಿಸಿರುವುದನ್ನು ವಧೂವರ ಸಮಾವೇಶಗಳನ್ನು ನಡೆಸುವ ಉತ್ಸಾಹಿಗಳು ಆಗಾಗ ನೆನೆದರೆ ಕೆಡುಕೇನಿಲ್ಲ.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗವು ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿದೆ. ಅವಳನ್ನು ಎಳೆತಂದವರ ಕೈಯಲ್ಲಿ ಕಲ್ಲುಗಳಿವೆ. ಪಾಪವಿಲ್ಲದವನು ಮೊದಲು ಎಸೆಯಲಿ ಎಂಬ ಅರ್ಥದ ಉತ್ತರ ಬಂದಾಗ ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಅವಳ ಜೊತೆಗಾರನು ಎಲ್ಲಿ ಎಂದು ಆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ಈ ಪ್ರಸಂಗದ ಪಾಠಚರಿತ್ರೆಯೇ ಸ್ವಾರಸ್ಯಕರ. ಅತ್ಯಂತ ಪ್ರಾಚೀನವಾದ ಗ್ರೀಕ್ ಹಸ್ತಪ್ರತಿಗಳಾದ ಸಿನಾಯ್ಟಿಕಸ್, ವ್ಯಾಟಿಕನಸ್‌ಗಳಲ್ಲಿ ಇದು ಇಲ್ಲ. ಹೆಂಡಂದಿರಿಗೆ ಪಾಪ ಮಾಡಲು ಸಲಿಗೆ ಸಿಕ್ಕೀತೆಂಬ ಭಯದಿಂದ ಕೆಲವು ಅಲ್ಪವಿಶ್ವಾಸಿಗಳು ಇದನ್ನು ತಮ್ಮ ಪ್ರತಿಗಳಿಂದ ಕಿತ್ತುಹಾಕಿದರೆಂದು ಸಂತ ಅಗಸ್ಟೀನನು ದೂರಿದ್ದಾನೆ. ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಆ ವಿವರಣೆ ಪೂರ್ತಿ ನಿಲ್ಲದಿದ್ದರೂ ಗಂಡಸರ ಮನೋಧರ್ಮಕ್ಕೆ ಅದು ಒಳ್ಳೆಯ ಸಾಕ್ಷಿ. ಕ್ಷಮೆಯ ಕಥೆಗೆ ಹೆದರುವಷ್ಟು ಅವರು ವ್ಯಭಿಚಾರಕ್ಕೂ ಹೆದರಿರಲಾರರು.

ಕನ್ನಡ ಜೈನ ಸಾಹಿತ್ಯದಲ್ಲಿ ಈ ಪ್ರಸಂಗಕ್ಕೆ ಸಂವಾದಿಯಾಗಿ ನಿಲ್ಲುವುದು ಜನ್ನನ ಯಶೋಧರ ಚರಿತೆ (1209). ರಾಣಿ ಅಮೃತಮತಿಯು ಕುರೂಪಿಯಾದ ಮಾವಟಿಗನ ಗಾನಕ್ಕೆ ಮರುಳಾಗಿ ರಾತ್ರಿಯಲ್ಲಿ ಅವನ ಬಳಿಗೆ ಹೋಗುತ್ತಾಳೆ. ಹಿಂಬಾಲಿಸಿದ ಯಶೋಧರನು ಕತ್ತಿಗೆ ಕೈಯಿಕ್ಕಿಯೂ ತಡೆದುಕೊಳ್ಳುತ್ತಾನೆ. ಕೊಲ್ಲದ ಆ ಕ್ಷಣದಲ್ಲಿ ಅವನು ಗೆದ್ದನೆಂದು ಓದುಗರಿಗೆ ತೋರುತ್ತದೆ. ಆದರೆ ಮರುದಿನ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲುತ್ತಾರೆ. ಕಥೆಯ ಭಾರವು ಅಮೃತಮತಿಯ ಪಾಪದ ಮೇಲಿಲ್ಲ. ಆ ಪಾಪವನ್ನು ಕಂಡವನು ಏನು ಮಾಡಿದನೆಂಬುದರ ಮೇಲಿದೆ. ಯೋಹಾನನ ಪ್ರಸಂಗದ್ದೂ ಇದೇ ನಡೆ. ಎರಡು ಕಡೆಗಳಲ್ಲಿಯೂ ವ್ಯಭಿಚಾರವು ನಿಮಿತ್ತ, ಪರೀಕ್ಷೆಗೊಳಗಾಗುವುದು ದಂಡಿಸಲು ಎತ್ತಿದ ಕೈ. ಆದರೆ ಜನ್ನನ ಕಾವ್ಯದಲ್ಲಿ ಅಮೃತಮತಿಗೆ ಮರಳಿ ಬರುವ ದಾರಿಯಿಲ್ಲ. ಗಂಡನಿಗೂ ಅತ್ತೆಗೂ ವಿಷವಿಕ್ಕಿ ಅವಳು ನರಕದ ಹಾದಿ ಹಿಡಿಯುತ್ತಾಳೆ. ಯೋಹಾನನ ಹೆಂಗಸಿಗೆ ಮುಂದೆ ಪಾಪ ಮಾಡಬೇಡವೆಂಬ ಬುದ್ಧಿವಾದದೊಡನೆ ಬಾಳು ಮರಳಿ ದೊರೆಯುತ್ತದೆ. ಈ ಒಂದು ವಿಷಯದಲ್ಲಿ ಸುವಾರ್ತೆಯ ಕಥೆ ದೊಡ್ಡದು.

ಪೌಲನ ಪತ್ರಗಳಿಗೆ ಬಂದಾಗ ಸ್ವರ ಬದಲಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಬ್ರಹ್ಮಚರ್ಯವೇ ಉತ್ತಮ, ತಡೆಯಲಾರದವರಿಗೆ ವಿವಾಹ. ವೈರಾಗ್ಯಪ್ರಧಾನವಾದ ಧರ್ಮದವರಿಗೆ ಈ ತಾರತಮ್ಯ ಸುಲಭವಾಗಿ ಅರ್ಥವಾಗುತ್ತದೆ. ಅವಿಶ್ವಾಸಿಯಾದ ಸಂಗಾತಿಯು ತಾನಾಗಿ ಅಗಲಿದರೆ ವಿಶ್ವಾಸಿಯು ಬದ್ಧನಲ್ಲ ಎಂಬ ಮಾತೂ ಅಲ್ಲಿಯೇ ಇದೆ. ಈ ಒಂದು ವಾಕ್ಯದ ನೆರಳಿನಲ್ಲಿ 1866ರಷ್ಟು ಹಿಂದೆಯೇ ಬ್ರಿಟಿಷ್ ಸರ್ಕಾರವು ಮತಾಂತರಿತರ ವಿವಾಹ ವಿಸರ್ಜನೆಯ ಕಾಯಿದೆಯನ್ನು ತಂದಿತು. ಕ್ರೈಸ್ತನಾದುದಕ್ಕಾಗಿ ಸಂಗಾತಿಯಿಂದ ತ್ಯಜಿಸಲ್ಪಟ್ಟವನಿಗೆ ನ್ಯಾಯಾಲಯದ ಮೂಲಕ ಬಿಡುಗಡೆ ಸಾಧ್ಯವಾಯಿತು. ಹುಟ್ಟು ಕ್ರೈಸ್ತಳಿಗೆ ಇಲ್ಲದ ಸೌಲಭ್ಯ ಹೊಸ ಕ್ರೈಸ್ತನಿಗೆ ಮೂರು ವರ್ಷ ಮೊದಲೇ ಒದಗಿದ್ದು ವಿಪರ್ಯಾಸ.

ರೋಮನ್ ಕ್ಯಾಥೊಲಿಕ್ ಸಭೆಯು ವಿವಾಹವನ್ನು ಸಂಸ್ಕಾರವೆಂದು, ಅವಿಚ್ಛೇದ್ಯವೆಂದು ಎಣಿಸಿ 1563ರ ಟ್ರೆಂಟ್ ಮಹಾಸಭೆಯಲ್ಲಿ ಆ ನಿಲುವನ್ನು ಭದ್ರಪಡಿಸಿತು. ಲೂಥರನು ವಿವಾಹವನ್ನು ಲೌಕಿಕ ವ್ಯವಹಾರವೆಂದು ಬಗೆದು ವ್ಯಭಿಚಾರ, ಪರಿತ್ಯಾಗಗಳ ಸಂದರ್ಭದಲ್ಲಿ ವಿಚ್ಛೇದನಕ್ಕೆ ಒಪ್ಪಿದನು. ಬೀದರ್ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು ಮೆಥಡಿಸ್ಟ್ ಪಂಥ. ಅದರ ಪ್ರವರ್ತಕನಾದ ಜಾನ್ ವೆಸ್ಲಿ 1751ರಲ್ಲಿ ಮೇರಿ ವಾಜೆಲ್ ಎಂಬ ವಿಧವೆಯನ್ನು ಮದುವೆಯಾದನು, ಸಂಸಾರ ಹೊಂದಲಿಲ್ಲ, ಆಕೆ ಹಲವು ಸಲ ಮನೆಬಿಟ್ಟು ಹೋಗಿ 1781ರಲ್ಲಿ ತೀರಿಕೊಂಡಳು. ಇಬ್ಬರೂ ಅಗಲಿ ಬಾಳಿದರೇ ಹೊರತು ವಿಚ್ಛೇದನವಾಗಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನ ಪ್ರತ್ಯೇಕ ಶಾಸನವೇ ಬೇಕಾಗಿತ್ತು. ಅದು ಶ್ರೀಮಂತರಿಗೆ ಮಾತ್ರ ಎಟುಕುವ ವಸ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜಾಮರ ರಾಜ್ಯಕ್ಕೆ ಸೇರಿದ್ದ ಬೀದರಿಗೆ ಬಂದ ಅಮೆರಿಕನ್ ಮೆಥಡಿಸ್ಟ್ ಮಿಷನರಿಗಳು ತಮ್ಮೊಡನೆ ತಂದ ಶಿಸ್ತಿನಲ್ಲಿ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಅಂಗೀಕೃತವಾದ ಕಾರಣ, ನಿರ್ದೋಷಿಗೆ ಮಾತ್ರ ಮರುವಿವಾಹ.

ಈ ಶಿಸ್ತು ಬಂದಿಳಿದ ನೆಲ ಎಂಥದು? ಸುವಾರ್ತೆಯನ್ನು ಸ್ವೀಕರಿಸಿದವರಲ್ಲಿ ಬಹುಪಾಲು ಜನರು ಅಸ್ಪೃಶ್ಯತೆಯ ನೋವುಂಡ ಸಮುದಾಯಗಳವರು. ಉತ್ತರ ಕರ್ನಾಟಕದ ಇಂಥ ಸಮುದಾಯಗಳಲ್ಲಿ ಮದುವೆ ಮುರಿಯುವುದಕ್ಕೂ ಮತ್ತೆ ಕೂಡುವುದಕ್ಕೂ ಹಳೆಯ ದಾರಿಗಳಿದ್ದವು. ಪಂಚರೆದುರು ಸೋಡಚೀಟಿಯಾದರೆ ಹೆಣ್ಣುಮಗಳು ಬಿಡುಗಡೆಯಾಗುತ್ತಿದ್ದಳು. ಉಡಿಕೆಯ ಮೂಲಕ ಮತ್ತೊಂದು ಸಂಸಾರ ಹೂಡುತ್ತಿದ್ದಳು. ಮೇಲ್ಜಾತಿಯವರು ಉಡಿಕೆಯನ್ನು ಕೀಳಾಗಿ ಕಂಡರು. ಮಿಷನರಿಗಳೂ ಅದನ್ನು ಆದರದಿಂದ ಕಾಣಲಿಲ್ಲ. ಏಕಪತ್ನೀತ್ವ, ಸಾಕ್ಷಿಗಳ ಸಮಕ್ಷಮದ ಪ್ರತಿಜ್ಞೆ, ದಾಖಲೆಯಲ್ಲಿ ಹೆಸರು, ಹೆಣ್ಣುಮಕ್ಕಳಿಗೆ ಅಕ್ಷರ, ಇವು ಸಭೆಯಿಂದ ದೊರೆತ ನಿಜವಾದ ಲಾಭಗಳು. ಅವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಕುಡುಕನೂ ಕ್ರೂರಿಯೂ ಆದ ಗಂಡನಿಂದ ಹೊರಬರಲು ಅವಳ ಅಜ್ಜಿಗಿದ್ದ ಬಾಗಿಲು ಮೊಮ್ಮಗಳಿಗೆ ಮುಚ್ಚಿತೆಂಬುದೂ ಅಷ್ಟೇ ನಿಜ. ಗೌರವ ಹೆಚ್ಚಿತು, ಬಿಡುಗಡೆ ಕುಗ್ಗಿತು. ಸಂಸ್ಕೃತೀಕರಣಗೊಂಡ ಹಿಂದೂ ಜಾತಿಗಳಲ್ಲಿಯೂ ಇದೇ ಬೆಲೆ ತೆರಲಾಯಿತಲ್ಲವೇ?

ಬ್ರಿಟಿಷ್ ಇಂಡಿಯಾಕ್ಕಾಗಿ ರಚಿತವಾಗಿ ಸ್ವಾತಂತ್ರ್ಯಾನಂತರ ಬೀದರಿಗೂ ಅನ್ವಯಿಸಿದ 1869ರ ಭಾರತೀಯ ವಿಚ್ಛೇದನ ಕಾಯಿದೆಯನ್ನು ಓದಿದರೆ ಮಾರ್ಕನ ಸುವಾರ್ತೆಯನ್ನು ಅದರ ಕರ್ತೃಗಳು ಓದಿದ್ದರೇ ಎಂಬ ಸಂದೇಹ ಬರುತ್ತದೆ. ಇಂಗ್ಲೆಂಡಿನ 1857ರ ಶಾಸನವನ್ನು ಅನುಸರಿಸಿದ ಅದರ ಹತ್ತನೆಯ ಕಲಮಿನಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿಗೆ ಗಂಡನ ವ್ಯಭಿಚಾರ ಸಾಲದು. ಅದರೊಡನೆ ಕ್ರೌರ್ಯವೋ, ಎರಡು ವರ್ಷಗಳ ಪರಿತ್ಯಾಗವೋ, ರಕ್ತಸಂಬಂಧದ ದೋಷವೋ, ದ್ವಿಪತ್ನೀತ್ವವೋ ಕೂಡಿರಬೇಕು. ಗಂಡನು ಹೆಂಡತಿಯ ಜಾರನಿಂದ ನಷ್ಟಪರಿಹಾರ ವಸೂಲು ಮಾಡಬಹುದೆಂದು 34ನೆಯ ಕಲಮು ಹೇಳಿತು. ಹೊಲ ಮೇಯಿಸಿದವನಿಂದ ದಂಡ ವಸೂಲು ಮಾಡಿದ ಹಾಗೆ. ಇಂಗ್ಲೆಂಡು 1923ರಲ್ಲಿಯೇ ವ್ಯಭಿಚಾರದ ಮಟ್ಟಿಗೆ ಗಂಡುಹೆಣ್ಣಿನ ಭೇದವನ್ನು ಅಳಿಸಿತು. ಭಾರತದ ಕ್ರೈಸ್ತ ಹೆಣ್ಣುಮಗಳು ಮತ್ತೆ 78 ವರ್ಷ ಕಾಯಬೇಕಾಯಿತು. ವಿದೇಶೀ ಕಾಯಿದೆಯೆಂದು ಇದನ್ನು ಬೈಯುವವರು ಬೀದರ್ ಜಿಲ್ಲೆಯ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ರಚಿತವಾದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ‘ಸ್ತ್ರೀಸಂಗ್ರಹಣ’ ಪ್ರಕರಣವನ್ನೂ ಒಮ್ಮೆ ನೋಡುವುದೊಳ್ಳೆಯದು. ಅಲ್ಲಿ ದಂಡವು ವರ್ಣವನ್ನು ನೋಡಿ ಏರಿಳಿಯುತ್ತದೆ.

ಇನ್ನು 17ನೆಯ ಕಲಮು. ಜಿಲ್ಲಾ ನ್ಯಾಯಾಲಯವು ಕೊಟ್ಟ ವಿಚ್ಛೇದನದ ಡಿಕ್ರಿಯು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದಿಂದ ದೃಢೀಕೃತವಾಗುವವರೆಗೂ ಪೂರ್ಣವಾಗುತ್ತಿರಲಿಲ್ಲ. ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಿನ ಜಿಲ್ಲಾ ನ್ಯಾಯಾಲಯಕ್ಕೆ ಸುಮಾರು 40 ಕಿ.ಮೀ.; ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದುದು 2008ರಲ್ಲಿ. ಆ ಹೊತ್ತಿಗೆ ದೃಢೀಕರಣದ ನಿಯಮವೇ ರದ್ದಾಗಿತ್ತು. ಹೊಲಗೂಲಿಯಿಂದ ಬಾಳುವ ಒಬ್ಬ ಹೆಂಗಸು ಗಂಡನ ವ್ಯಭಿಚಾರವನ್ನೂ ಕ್ರೌರ್ಯವನ್ನೂ ಎರಡೂ ರುಜುವಾತುಪಡಿಸಿ, ಬಳಿಕ ಬೆಂಗಳೂರಿನ ದೃಢೀಕರಣಕ್ಕಾಗಿ ವರ್ಷಗಟ್ಟಲೆ ಕಾಯುವುದನ್ನು ಕಲ್ಪಿಸಿಕೊಂಡರೆ ಕಾಯಿದೆಯಲ್ಲಿ ವಿಚ್ಛೇದನವಿದ್ದೂ ಇರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಇಂಥವರು ತವರಿನಲ್ಲಿ ಬಿಟ್ಟ ಹೆಂಡತಿಯಾಗಿ ಉಳಿದರೆ ಊರಿನ ನಾಲಿಗೆ, ಮತ್ತೊಬ್ಬನೊಡನೆ ಬಾಳಿದರೆ ಸಭೆಯ ಬಹಿಷ್ಕಾರ. ‘ಹಾದರಗಿತ್ತಿ’ ಎಂಬ ಬೈಗುಳ ಎಲ್ಲ ಜಾತಿಗಳ ನಾಲಿಗೆಯಲ್ಲಿಯೂ ಸಲೀಸು. ‘ಹಾದರಿಗ’ ಎಂಬ ಪುಲ್ಲಿಂಗವು ಕನ್ನಡದಲ್ಲಿದ್ದರೂ ಅದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ನ್ಯಾಯಾಲಯಗಳು ಸಂಸತ್ತಿಗಿಂತ ಮೊದಲು ಎಚ್ಚೆತ್ತವು. ಕೇರಳ ಹೈಕೋರ್ಟು 1995ರಲ್ಲಿ, ಮುಂಬಯಿ ಹೈಕೋರ್ಟು 1997ರಲ್ಲಿ ಹೆಂಡತಿಗೆ ವಿಧಿಸಿದ್ದ ಜೋಡಿ ಕಾರಣಗಳ ಷರತ್ತನ್ನು ಸಂವಿಧಾನಬಾಹಿರವೆಂದು ಸಾರಿದವು. ಕ್ರೈಸ್ತ ಮಹಿಳಾ ಸಂಘಟನೆಗಳೂ ವಿವಿಧ ಸಭೆಗಳೂ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ 2001ರ ತಿದ್ದುಪಡಿ ಬಂದು ಗಂಡುಹೆಣ್ಣುಗಳಿಗೆ ಸಮಾನ ಕಾರಣಗಳು, ಪರಸ್ಪರ ಸಮ್ಮತಿಯ 10ಎ ಕಲಮು ಸೇರಿದವು. ಜಾರನಿಂದ ಪರಿಹಾರ ಪಡೆಯುವ ಕಲಮೂ ಹೈಕೋರ್ಟಿನ ದೃಢೀಕರಣವೂ ಹೋದವು. ಆಗಲೂ ಸಮ್ಮತಿಯ ವಿಚ್ಛೇದನಕ್ಕೆ ಇತರರಿಗೆ ಒಂದು ವರ್ಷದ ಪ್ರತ್ಯೇಕ ವಾಸ, ಕ್ರೈಸ್ತರಿಗೆ ಎರಡು ವರ್ಷ! ಕೇರಳ ಹೈಕೋರ್ಟು 2010ರಲ್ಲಿಯೂ ಕರ್ನಾಟಕ ಹೈಕೋರ್ಟು 2014ರಲ್ಲಿಯೂ ಅದನ್ನು ಒಂದು ವರ್ಷವೆಂದೇ ಓದಬೇಕೆಂದವು.

ಕ್ಯಾಥೊಲಿಕರ ಕಷ್ಟ ಬೇರೆ ಬಗೆಯದು. ಬೀದರ್, ಕಲಬುರಗಿ, ಯಾದಗಿರಿಗಳನ್ನೊಳಗೊಂಡ ಗುಲ್ಬರ್ಗ ಧರ್ಮಪ್ರಾಂತ 2005ರಲ್ಲಿ ಸ್ಥಾಪಿತವಾಯಿತು. ಇಲ್ಲಿಯ ಕ್ಯಾಥೊಲಿಕರಿಗೂ ಸಭೆಯ ನ್ಯಾಯಮಂಡಲಿಯು ಮದುವೆ ಆದಿಯಿಂದಲೇ ಅಸಿಂಧುವೆಂದು ತೀರ್ಪಿತ್ತರೆ ಮಾತ್ರ ಚರ್ಚಿನಲ್ಲಿ ಮರುವಿವಾಹ. ವಿಚ್ಛೇದನವೆಂಬ ಮಾತನ್ನು ಉಚ್ಚರಿಸದೆ ವಿಚ್ಛೇದನದ ಫಲವನ್ನು ಪಡೆಯುವ ಈ ಉಪಾಯವನ್ನು ಟೀಕಾಕಾರರು ಆಷಾಢಭೂತಿತನವೆಂದು ಹಳಿಯುವುದುಂಟು. ಸಮ್ಮತಿಯೇ ಇರದ ಮದುವೆ ಮದುವೆಯೇ ಅಲ್ಲವೆಂಬ ಅದರ ತತ್ತ್ವವು ಮಾತ್ರ ಹಳಿಯತಕ್ಕದ್ದಲ್ಲ. ತೊಡಕಿರುವುದು ಬೇರೆಡೆ. ಸಭೆಯ ಈ ತೀರ್ಪು ದೇಶದ ನ್ಯಾಯಾಲಯಕ್ಕೆ ಮಾನ್ಯವಲ್ಲವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಅದನ್ನೇ ನಂಬಿ ಮರುಮದುವೆಯಾದವರು ದ್ವಿಪತ್ನೀತ್ವದ ಆರೋಪಕ್ಕೆ ಗುರಿಯಾಗಬಹುದಾಯಿತು. ಮಂಗಳೂರಿನ ವಕೀಲರಾದ ಕ್ಲಾರೆನ್ಸ್ ಪಾಯ್ಸ್ ಅವರು ಸಭೆಯ ಧರ್ಮಶಾಸನವನ್ನು ಕ್ರೈಸ್ತರ ವೈಯಕ್ತಿಕ ಕಾನೂನೆಂದು ಮನ್ನಿಸಬೇಕೆಂದು ಸಲ್ಲಿಸಿದ್ದ ಅರ್ಜಿಯು 2017ರ ಜನವರಿಯಲ್ಲಿ ತಿರಸ್ಕೃತವಾಯಿತು.

ವ್ಯಭಿಚಾರದ ದಂಡನೆಯ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 1860ರ ದಂಡಸಂಹಿತೆಯ 497ನೆಯ ಕಲಮಿನಲ್ಲಿ ಪರರ ಹೆಂಡತಿಯನ್ನು ಅವಳ ಗಂಡನ ಒಪ್ಪಿಗೆಯಿಲ್ಲದೆ ಕೂಡಿದವನು ಅಪರಾಧಿ. ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಇಲ್ಲ. ಜಾರನಾದ ಗಂಡನ ಮೇಲೆ ಹೆಂಡತಿಯು ದೂರು ಕೊಡುವಂತಿಲ್ಲ. ಮಾರ್ಕನು ಅಳಿಸಿದ ಗೆರೆಯನ್ನು ಕ್ರೈಸ್ತ ಪ್ರಭುತ್ವವೇ ಮತ್ತೆ ಎಳೆಯಿತು. ಎಲ್ಲ ಧರ್ಮಗಳ ಗಂಡಸರೂ 158 ವರ್ಷ ಅದರ ನೆರಳನ್ನು ಅನುಭವಿಸಿದರು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಜೋಸೆಫ್ ಶೈನ್ ಪ್ರಕರಣದಲ್ಲಿ ಅದನ್ನು ರದ್ದುಗೊಳಿಸಿದಾಗ ವ್ಯಭಿಚಾರಕ್ಕೆ ಪರವಾನಗಿ ದೊರೆಯಿತೆಂದು ಹಲವರು ಹಲುಬಿದರು. ಜೈನ ಪತ್ರಿಕೆಯ ಓದುಗರು ಹಾಗೆ ಹಲುಬಬೇಕಾದ ಕಾರಣವಿಲ್ಲ: ವ್ರತವು ಪೊಲೀಸರ ಭಯದಿಂದ ಪಾಲಿಸತಕ್ಕದ್ದಾಗಿದ್ದರೆ ಅದು ವ್ರತವೇ ಆಗುತ್ತಿರಲಿಲ್ಲ. ವಿಚ್ಛೇದನಕ್ಕೆ ಕಾರಣವಾಗಿ ವ್ಯಭಿಚಾರವು ಕಾಯಿದೆಯಲ್ಲಿ ಉಳಿದಿದೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಈ ಅಪರಾಧ ಮರಳಿಲ್ಲವಾದರೂ, ವಿವಾಹಿತ ಸ್ತ್ರೀಯನ್ನು ಪುಸಲಾಯಿಸಿ ಒಯ್ಯುವ ಹಳೆಯ 498ನೆಯ ಕಲಮು 84ನೆಯದಾಗಿ ಮುಂದುವರಿದಿದೆ. ಒಯ್ಯಲ್ಪಡುವವಳಿಗೆ ಅಲ್ಲಿ ಇನ್ನೂ ಸ್ವಂತ ಕಾಲುಗಳಿಲ್ಲ.

ಬಸದಿಗಳ ಟ್ರಸ್ಟುಗಳಿಗೆ ಈ ಚರಿತ್ರೆಯಲ್ಲಿ ನೇರವಾಗಿ ಸಂಬಂಧಿಸಿದ ಭಾಗವೊಂದಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ಮದುವೆ ಮಾಡಿಸುವ ಪಾದ್ರಿಯು ಅಧಿಕಾರ ಪಡೆದವನಾಗಿರಬೇಕು. ಕೆಲವು ಸಭೆಗಳಿಗಿರುವ ವಿನಾಯಿತಿ ಬಿಟ್ಟರೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ನಡೆಯಬೇಕು. ವಧೂವರರೂ ಸಾಕ್ಷಿಗಳೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ನಿಯಮ ಮೀರಿದ ಪಾದ್ರಿಗೆ ಶಿಕ್ಷೆ. ಗಂಡನು ಮದುವೆಯೇ ಆಗಿಲ್ಲವೆಂದು ಕೈಚೆಲ್ಲಿದಾಗ ಆ ರಿಜಿಸ್ಟರಿನ ಪುಟವು ಬಡ ಹೆಂಗಸೊಬ್ಬಳ ಕೈಯಲ್ಲಿ ಯಾವ ಉಪದೇಶಕ್ಕಿಂತಲೂ ದೊಡ್ಡ ಬಲ. ಬಸದಿಯ ಮಂಟಪವನ್ನು ಮದುವೆಗೆ ಬಾಡಿಗೆಗೆ ಕೊಡುವಾಗ ವಧುವಿನ ವಯಸ್ಸಿನ ದಾಖಲೆಯನ್ನೂ ವರನಿಗೆ ಜೀವಂತ ಹೆಂಡತಿಯಿಲ್ಲವೆಂಬ ಬರಹವನ್ನೂ ಕೇಳುವ ಟ್ರಸ್ಟುಗಳು ಎಷ್ಟಿವೆ? ಬಾಡಿಗೆಯ ರಸೀದಿಯ ಪುಸ್ತಕವಂತೂ ಎಲ್ಲ ಕಡೆಯೂ ಅಚ್ಚುಕಟ್ಟಾಗಿರುತ್ತದೆ.